ಎಡಗಾಲಿನ ಹೆಬ್ಬೆರಳು

ನಮ್ಮವರು ಹೋಗಿ ಐದು ತಿಂಗಳಾಯಿತು. ಅಂದಿನಿಂದ ಯಾರಾದರೂ ಮಲಗಿದ್ದನ್ನು ಕಂಡರೆ ಸುಮ್ಮನೆ ದಾಟಿಹೋಗಲು ನನಗೆ ಆಗುವುದಿಲ್ಲ. ಸುರಪುರದ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದವರು ಯಾವಾಗಲೂ ಇರುತ್ತಾರೆ. ನಾನು ನಿಂತು ಅವರ ಹೊಟ್ಟೆ ನೋಡುತ್ತೇನೆ. ಏರಿ ಇಳಿದದ್ದು ಕಂಡ ಮೇಲೆ ಮುಂದೆ ಹೋಗುತ್ತೇನೆ. ಹೋದ ವಾರ ಒಬ್ಬನ ಹೊಟ್ಟೆ ಅಲುಗಿದ್ದು ಕಾಣಲಿಲ್ಲ. ನಾನು ಹತ್ತಬೇಕಾಗಿದ್ದ ದೇವಾಪುರದ ಬಸ್ಸು ಬಂದು ಹೋಯಿತು. ನಾನು ಅಲ್ಲೇ ನಿಂತಿದ್ದೆ. ಕೊನೆಗೆ ಅವನೇ ಟವೆಲ್ ಸರಿಸಿ, "ಏನಬೇ ಯವ್ವಾ, ಏನ್ ನೋಡಾಕತ್ತಿ?" ಎಂದ. ಏನಿಲ್ಲಪ್ಪ, ಮಲಕ್ಕೋ ಎಂದು ಬಂದುಬಿಟ್ಟೆ.

ಮಲಗಿದ ಮನುಷ್ಯನ ಉಸಿರು ಹುಡುಕುವ ಈ ಚಟ ನನಗೆ ಹಚ್ಚಿದವರು ಅವರೇ. ಮಗಳು ಒಂದು ನೋಟ್‌ಬುಕ್ ತಂದುಕೊಟ್ಟು, "ಅವ್ವಾ, ಹಿಂಗ ಮನಿತುಂಬ ತಿರಗ್ಯಾಡಬ್ಯಾಡ. ಕುಂತು ಬರಿ. ಬಾಲವಾಡಿ ಹುಡುಗರಿಗಿ ಅಷ್ಟು ವರ್ಷ ಅಕ್ಷರ ತಿದ್ದಸದಾಕಿ ನೀ" ಎಂದಳು. ನಾಲ್ಕು ಸಾಲು ಬರೆಯುತ್ತೇನೆ, ಎದ್ದು ಹೋಗಿ ಖಾಲಿ ಒಲೆ ನೋಡಿ ಬರುತ್ತೇನೆ, ಮತ್ತೆ ಕೂರುತ್ತೇನೆ.

ನಾನು ಗೋಗಿಯವಳು. ಕುರಿ ಸಾಕುವವರ ಮನೆ. ಸುರಪುರಕ್ಕೆ ಸೊಸೆಯಾಗಿ ಬಂದಾಗ ನಿಜಾಮರ ಆಳ್ವಿಕೆ ಹೋಗಿ ಕೆಲವು ವರ್ಷವಾಗಿತ್ತು. ನಾವು ಮೈಸೂರಿನ ಕಡೆ ಸೇರುತ್ತೇವಂತೆ, ಸೇರುವುದಿಲ್ಲವಂತೆ ಎಂಬ ಮಾತು ಎಲ್ಲ ಕಟ್ಟೆಗಳ ಮೇಲೂ ನಡೆದಿತ್ತು. ನಮ್ಮವರು ತಹಶೀಲ ಕಚೇರಿಯಲ್ಲಿ ಚಪರಾಸಿ. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿತ್ತು, ಇನ್ನು ಮುಂದೆ ಕನ್ನಡದಲ್ಲಿ ಬರುತ್ತದೆ ಎಂದು ಮೇಲಿನವರು ಹೇಳಿದ್ದರು. ಮೂರನೇ ತರಗತಿಯವರೆಗೆ ಉರ್ದು ಓದಿದ್ದ ಅವರು ಸಂಜೆ ಹೊತ್ತು ಹೊಸ ಕನ್ನಡ ಶಾಲೆಯ ಮಾಸ್ತರರ ಹತ್ತಿರ ಅಕ್ಷರ ಕಲಿಯಲು ಹೋಗುತ್ತಿದ್ದರು. ಬರುವಾಗ ಪಾಟಿ ಮನೆಗೆ ತರುತ್ತಿದ್ದರು. ಅವರು ತಿದ್ದಿದ ಅಕ್ಷರದ ಮೇಲೆಯೇ ನಾನೂ ತಿದ್ದಿದೆ. ನನ್ನ ಓದು ಶುರುವಾದದ್ದು ಹಾಗೆ.

ಅಕ್ಷರಕ್ಕಿಂತ ದೊಡ್ಡ ಹುಚ್ಚು ಅವರಿಗೆ ಆಟದ್ದು. ಸುತ್ತಲಿನ ಊರುಗಳಲ್ಲಿ ದೊಡ್ಡಾಟ ಕಟ್ಟಿದರೆ ರಾಕ್ಷಸನ ಪಾತ್ರ ಇವರದೇ. ದೊಡ್ಡಾಟದಲ್ಲಿ ರಾಕ್ಷಸ ಸಾಯುವುದೆಂದರೆ ಸಣ್ಣ ಮಾತಲ್ಲ. ಮೂರು ಸಲ ಹಾರಿ, ಎದೆ ಬಡಿದುಕೊಂಡು, ಆಟಕ್ಕೆ ಕಟ್ಟಿದ ಅಟ್ಟದ ಹಲಗೆ ಅದುರುವಂತೆ ಬೀಳಬೇಕು. ಬಿದ್ದ ಕೂಡಲೇ ಇಬ್ಬರು ಬಂದು ಒಂದು ಬಟ್ಟೆಯ ಎರಡು ತುದಿ ಹಿಡಿದು ಅಡ್ಡ ನಿಲ್ಲುತ್ತಾರೆ. ಸತ್ತವನು ಆ ಬಟ್ಟೆಯ ಮರೆಯಲ್ಲಿ ಎದ್ದು, ಕಿರೀಟ ಸರಿಮಾಡಿಕೊಂಡು ಒಳಗೆ ಹೋಗುತ್ತಾನೆ. ಬಟ್ಟೆಯ ಕೆಳಗೆ ಅವನ ಕಾಲು ನಡೆದುಹೋಗುವುದು ಎಲ್ಲರಿಗೂ ಕಾಣುತ್ತದೆ. ಯಾರೂ ನಗುವುದಿಲ್ಲ. ಬಟ್ಟೆ ಅಡ್ಡ ಬಂದ ಮೇಲೆ ನೋಡಬಾರದು, ಅಷ್ಟೆ. ಇನ್ನೊಂದು ಪದ್ಧತಿ ಆಯೇರಿ. ಪಾತ್ರಧಾರಿಯ ಬೀಗರು, ನೆಂಟರು ಹೊಸ ಧೋತರವನ್ನೋ ರುಮಾಲನ್ನೋ ತಂದು, ಆಟದ ನಡುವೆಯೇ ಅಟ್ಟ ಹತ್ತಿ ಅವನಿಗೆ ಹೊದಿಸುತ್ತಾರೆ. ಇಂಥ ಊರಿನ ಇಂಥವರು ತಮ್ಮ ಅಳಿಯನಿಗೆ ಆಯೇರಿ ಮಾಡಿದರು ಎಂದು ಒಬ್ಬ ಕೂಗಿ ಹೇಳುತ್ತಾನೆ. ಅಲ್ಲಿಯತನಕ ಯುದ್ಧ ನಿಲ್ಲುತ್ತದೆ. ಈ ಎರಡು ಬಟ್ಟೆಗಳ ವಿಷಯ ಮೊದಲೇ ಹೇಳಿದ್ದೇಕೆಂದರೆ, ಮುಂದೆ ಆದದ್ದೆಲ್ಲ ಇವುಗಳಿಂದಲೇ ಆಯಿತು.

ಮಾಸ್ತರರು ಧಾರವಾಡದ ಕಡೆಯವರು. ಸಣ್ಣ ಮೈ, ದೊಡ್ಡ ಸೈಕಲ್ಲು. ನಮ್ಮವರ ಆಟವನ್ನು ಒಮ್ಮೆ ಪೂರಾ ಕೂತು ನೋಡಿದ್ದರು. ಅದಾದ ಮರುವಾರ ನಮ್ಮ ಪಡಸಾಲೆಗೆ ಬಂದು ಕಂಬಕ್ಕೆ ಒರಗಿ ಕೂತು ಹೇಳಿದರು: "ನಿನಗ ಸಾಯೂದು ಛಲೋ ಬರ್ತದಪಾ. ಸತ್ತಿರೂದು ಬರೂದಿಲ್ಲ."

"ಎರಡೂ ಒಂದ ಅಲ್ಲೇನ್ರಿ?" ಎಂದರು ಇವರು.

"ಸಾಯೂದು ಒಂದ ನಿಮಿಷದ ಕೆಲಸ. ಸತ್ತಿರೂದು ಭಾಳ ಹೊತ್ತಿನ ಕೆಲಸ."

ಒಳಗೆ ನಮ್ಮತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

ಮಾಸ್ತರರ ತಲೆಯಲ್ಲಿ ಒಂದು ಹೊಸ ಬಗೆಯ ನಾಟಕವಿತ್ತು. ಹಗಲು ಹೊತ್ತು ಆಡುವುದು. ಅಟ್ಟವಿಲ್ಲ, ಪರದೆಯಿಲ್ಲ, ಬಣ್ಣವಿಲ್ಲ, ಹಾಡೂ ಇಲ್ಲ. ಶಾಲೆಯ ಅಂಗಳದಲ್ಲಿ ಜನ ಸುತ್ತ ಕೂರಬೇಕು, ನಡುವೆ ನೆಲದ ಮೇಲೆ ಆಟ. ಉಟ್ಟ ಬಟ್ಟೆಯಲ್ಲೇ ಬರಬೇಕು. ಕತೆಯೂ ಅಷ್ಟೇ ಬರಿದು. ಎರಡು ಊರುಗಳ ನಡುವಿನ ಗಡಿಕಲ್ಲಿನ ಹತ್ತಿರ ಯಾರೋ ಒಬ್ಬ ದಾರಿಹೋಕ ಸತ್ತಿದ್ದಾನೆ. ಒಂದು ಊರು ನಿಜಾಮರ ಕಡೆಯದು, ಇನ್ನೊಂದು ಮುಂಬಯಿ ಸರಕಾರದ್ದು. ನಮ್ಮವನು ಅಂದರೆ ಮಣ್ಣು ಮಾಡಬೇಕು, ಪೊಲೀಸರಿಗೆ ಉತ್ತರ ಹೇಳಬೇಕು. ಅದಕ್ಕೇ ಎರಡೂ ಊರಿನ ಗೌಡರು ಇವ ನಮ್ಮವನಲ್ಲ, ನಿಮ್ಮವನು ಎಂದು ಜಗಳಕ್ಕೆ ನಿಲ್ಲುತ್ತಾರೆ. ನಾಟಕವೆಲ್ಲ ಆ ಜಗಳವೇ. ನಮ್ಮವರು ಆ ಸತ್ತವನು. ಗಂಟು ಹೊತ್ತು ಬಂದು, ನೀರು ಕುಡಿದು, ಕಲ್ಲಿಗೆ ಒರಗಿ, ಸದ್ದಿಲ್ಲದೆ ಸತ್ತು, ಕೊನೆಯತನಕ ಅಲ್ಲೇ ಬಿದ್ದಿರಬೇಕು. ಆ ಪಾತ್ರಕ್ಕೆ ಒಂದೂ ಮಾತಿರಲಿಲ್ಲ.

ಗೆಳೆಯರೆಲ್ಲ ಆಡಿಕೊಂಡರು. ದೊಡ್ಡಾಟದಲ್ಲಿ ಹೆಣ್ಣುಪಾತ್ರ ಮಾಡುತ್ತಿದ್ದ ದರ್ಜಿಯೊಬ್ಬರಿದ್ದರು. ಈ ನಾಟಕದಲ್ಲಿ ಅವರು ಮುಂಬಯಿ ಕಡೆಯ ಗೌಡ. ನಮ್ಮ ಬಾಗಿಲಲ್ಲಿ ನಿಂತು, "ಯಕ್ಕಾ, ನಿನ್ನ ಗಂಡ ಭಾಳ ಶಾಣ್ಯಾ ಅದಾನ ನೋಡು. ಮಾತ್ ಮರೀತೀನಿ ಅನ್ನೂ ಹೆದರಿಕಿನ ಇಲ್ಲ. ನಾವು ಬಿಸಲಾಗ ಹೊಯ್ಕೊಂಡು ಸಾಯಬೇಕು, ಇಂವ ಮಕ್ಕೊಂಡು ಸಾಯ್ತಾನ" ಎಂದಿದ್ದರು.

ಆದರೆ ನಮ್ಮವರು ಆ ಪಾತ್ರವನ್ನು ಹಿಡಿದದ್ದು ರಾಕ್ಷಸನ ಪಾತ್ರಕ್ಕಿಂತ ಗಟ್ಟಿಯಾಗಿ. ಹೆಣವಾಗುವುದನ್ನು ಮನೆಯಲ್ಲೇ ಕಲಿಯತೊಡಗಿದರು. ನಮ್ಮತ್ತೆ ಮೊದಲ ದಿನವೇ, "ಜೀವ ಇದ್ದಾಂವ ನನ್ನ ಪಡಸಾಲ್ಯಾಗ ಹೆಣ ಆಗಿ ಮಲಗಂಗಿಲ್ಲ. ಮಲಗೂದಿದ್ರ ಹಟ್ಯಾಗ ಹೋಗಿ ಮಲಗು" ಎಂದುಬಿಟ್ಟರು. ಹಾಗಾಗಿ ರಜೆಯ ದಿನ, ಕುರಿಗಳು ಮೇಯಲು ಹೋದ ಮೇಲೆ, ಹಿತ್ತಲಿನ ಹಟ್ಟಿಯಲ್ಲಿ ಕಂಬಳಿ ಹಾಸಿಕೊಂಡು ಮಲಗುತ್ತಿದ್ದರು. ಅಲುಗಿದರೆ ಹೇಳಲು ಒಬ್ಬರು ಬೇಕು. ಅದು ನಾನು. ಬೇಳೆ ಹಸನು ಮಾಡುತ್ತ ಪಕ್ಕದಲ್ಲಿ ಕೂರುತ್ತಿದ್ದೆ. ಅವರ ಹೊಟ್ಟೆಯ ಮೇಲೆ ಜೋಳದ ಒಣ ಎಲೆಯ ಒಂದು ಚೂರು ಇಡುತ್ತಿದ್ದೆ. ಅದು ನಡುಗಿದರೆ "ಅಲುಗ್ತು" ಎನ್ನಬೇಕು. ಮೊದಮೊದಲು ಬೇಳೆಯಲ್ಲಿ ಸಿಕ್ಕ ಕಲ್ಲಿಗಿಂತ ಹೆಚ್ಚು ಸಲ "ಅಲುಗ್ತು" ಎಂದೆ.

ನೋಡುತ್ತ ನೋಡುತ್ತ ನನಗೂ ಆ ವಿದ್ಯೆ ತಿಳಿಯಿತು. ಉಸಿರನ್ನು ಹೊಟ್ಟೆಗೆ ಎಳೆಯಬಾರದು, ಬೆನ್ನಿನ ಕಡೆಗೆ, ನೆಲಕ್ಕೆ ಇಳಿಸಿದಂತೆ ಎಳೆಯಬೇಕು. ಎಂಜಲು ನುಂಗಿದರೆ ಗಂಟಲ ಗಂಟು ಓಡಾಡುತ್ತದೆ. ಅದಕ್ಕೆ ಮುಖ ತುಸು ವಾಲಿಸಿ ಎಂಜಲು ದವಡೆಯಲ್ಲೇ ನಿಲ್ಲುವಂತೆ ಮಾಡಬೇಕು. ಬಿಸಿಲು ಬಿದ್ದರೆ ರೆಪ್ಪೆ ನಡುಗುತ್ತದೆ. ಮುಚ್ಚಿದ ರೆಪ್ಪೆಯೊಳಗೇ ಒಂದು ಚುಕ್ಕೆ ಹುಡುಕಿ ಅದನ್ನೇ ನೋಡುತ್ತಿರಬೇಕು. ನೊಣ ತುಟಿಯ ಮೇಲೆ ಕೂತರೆ ಅದು ಬೇರೆ ಯಾರದೋ ತುಟಿ ಎಂದುಕೊಳ್ಳಬೇಕು. ಕಚೇರಿ ಕೆಲಸದ ಮೇಲೆ ಶಹಾಪುರಕ್ಕೆ ಹೋದಾಗ, ಅಲ್ಲಿ ಮಲಗಿದ ಮನುಷ್ಯನ ಹಾಗೆ ಕಾಣುವ ಗುಡ್ಡವನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ಬರುತ್ತಿದ್ದರು. "ಹಂಗ ಬಿದ್ದಿರಬೇಕು ನೋಡು. ಅದು ಮಲಗೇತಿ ಅಂತ ಅದಕ್ಕ ಗೊತ್ತ ಇಲ್ಲ" ಎನ್ನುತ್ತಿದ್ದರು.

ನನಗೆ ಹೆದರಿಕೆ ಹೊಕ್ಕಿದ್ದು ಅವರು ಚೆನ್ನಾಗಿ ಕಲಿತ ಮೇಲೆ. ಒಂದು ಮಧ್ಯಾಹ್ನ ಎಲೆಯ ಚೂರು ಅಲುಗಲೇ ಇಲ್ಲ. ಮೊರದ ಬೇಳೆ ಮುಗಿಯಿತು. "ಏನ್ರಿ" ಎಂದೆ. ಏಳಲಿಲ್ಲ. "ಸಾಕು ಏಳ್ರಿ" ಎಂದೆ. ಏಳಲಿಲ್ಲ. ನನ್ನ ಕೈಯಿಂದ ಮೊರ ಬಿತ್ತು. ಆ ಸದ್ದಿಗೂ ಅವರ ರೆಪ್ಪೆ ಅಲುಗದ್ದನ್ನು ನೋಡಿ ನಾನು ಹಟ್ಟಿಯಿಂದ ಹೊರಗೆ ಓಡಿದೆ. ಅವರು ನಗುತ್ತ ಹಿಂದೆ ಬಂದರು. ನಾನು ನಡುಗುತ್ತಿರುವುದನ್ನು ನೋಡಿ ನಗು ನಿಲ್ಲಿಸಿದರು.

ಅವರಿಗೆ ಅಂದು ನಮ್ಮಪ್ಪನ ವಿಷಯ ಹೇಳಿದೆ. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪನಿಗೆ ಹೊಲಕ್ಕೆ ರೊಟ್ಟಿ ಒಯ್ದಿದ್ದೆ. ಬೇವಿನ ಗಿಡದ ಕೆಳಗೆ, ರುಮಾಲು ತಲೆಗೆ ಇಟ್ಟುಕೊಂಡು ಮಲಗಿದ್ದ. ಎಬ್ಬಿಸಿದರೆ ಬೈಯುತ್ತಾನೆಂದು ಬುತ್ತಿ ಬಿಚ್ಚಿಟ್ಟು ಪಕ್ಕದಲ್ಲಿ ಕೂತೆ. ನೆರಳು ಸರಿದು ಅವನ ಕಾಲಿಗೆ ಬಿಸಿಲು ಬಂತು. ಬೇವಿನ ಟೊಂಗೆ ಮುರಿದು ಕಾಲಿಗೆ ನೆರಳು ಹಿಡಿದೆ. ಅಣ್ಣ ಬಂದು ಮುಟ್ಟಿ ನೋಡುವತನಕ ನಾನು ಯಾರ ಪಕ್ಕ ಕೂತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಎಲ್ಲರೂ ಕೇಳಿದ್ದು ಒಂದೇ: ಅಷ್ಟು ಹೊತ್ತು ಕೂತಿದ್ದಿ, ನಿನಗೆ ತಿಳಿಯಲಿಲ್ಲವೇನು?

ನಮ್ಮವರು ಹಟ್ಟಿಗೆ ಹೋಗಿ ಚೆಲ್ಲಿದ ಬೇಳೆಯನ್ನು ಮೊರಕ್ಕೆ ತುಂಬಿ ತಂದರು. ಆಮೇಲೆ, "ಆಟದ ದಿನ ನನ್ನ ಕಾಲಿನ ಕಡೆ ಕೂಡು. ಎಡಗಾಲಿನ ಹೆಬ್ಬಳ್ಳು ನೋಡಕೋತ ಇರು. ನಡುವ ಒಂದ್ ಸಲ ಅಲುಗಿಸ್ತೀನಿ. ಮಂದಿಗಿ ತಿಳಿಯಂಗಿಲ್ಲ, ನಿನಗಷ್ಟ" ಎಂದರು.

"ಮಾಸ್ತರು ಬೈದ್ರ?"

"ಮಾಸ್ತರು ಮಾರಿ ನೋಡ್ತಾರ. ಹೆಣದ ಕಾಲು ಯಾರ್ ನೋಡ್ತಾರ?"

"ಖರೇನ ಅಲುಗಿಸ್ತೀರಿ?"

"ಅಲುಗಿಸ್ತೀನಿ ಅಂದ್ನಲ್ಲ."

ಆಟದ ದಿನ ಗೋಗಿಯಿಂದ ನಮ್ಮಣ್ಣ ಬಂದ. ತಂಗಿಯ ಗಂಡನಿಗೆ ಆಯೇರಿ ಮಾಡಲು ಹೊಸ ಬಿಳಿ ಧೋತರವನ್ನು ವಸ್ತ್ರದಲ್ಲಿ ಸುತ್ತಿ ಬಗಲಲ್ಲಿ ಇಟ್ಟುಕೊಂಡಿದ್ದ. ಶಾಲೆಯ ಬಾಗಿಲಲ್ಲೇ ಮಾಸ್ತರರು, ಈ ನಾಟಕದಲ್ಲಿ ನಡುವೆ ಆಯೇರಿ ಇಲ್ಲ, ಏನಿದ್ದರೂ ಮುಗಿದ ಮೇಲೆ ಎಂದರು. ಅಣ್ಣನ ಮುಖ ಸಣ್ಣದಾಯಿತು. ನನ್ನ ಹತ್ತಿರ ಬಂದು, "ಮುಗದ ಮ್ಯಾಲಂದ್ರ ಯಾರ್ ನೋಡ್ತಾರವ್ವಾ? ಮಂದಿ ಎದ್ದು ಹ್ವಾದ ಮ್ಯಾಲ ಗ್ವಾಡಿಗಿ ತೋರಸ್ಲೇನು?" ಎಂದ. ನಾನು ಅವನ ಮಾತಿಗೆ ಕಿವಿಗೊಡಲಿಲ್ಲ. ಅವರ ಕಾಲು ಯಾವ ಕಡೆ ಬರುತ್ತದೆಂದು ಲೆಕ್ಕಹಾಕಿ ಜಾಗ ಹಿಡಿದು ಕೂತೆ. ನಮ್ಮತ್ತೆ ನನ್ನ ಹಿಂದೆ ಕೂತರು.

ಬಿಸಿಲು ತುಸು ಇಳಿದಿತ್ತು. ಅವರು ಗಂಟು ಹೊತ್ತು ಬಂದರು, ಚೊಂಬಿನ ನೀರು ಕುಡಿದರು, ಕಲ್ಲಿಗೆ ಒರಗಿದರು. ಅಲ್ಲಿಂದ ಮೆಲ್ಲಗೆ ಜಾರಿ ಮಲಗಿದರು. ಹಾರಲಿಲ್ಲ, ಕೂಗಲಿಲ್ಲ. ನನ್ನ ಪಕ್ಕದ ಮುದುಕಿ, "ಇಂವ ಯಾಕ ಮಕ್ಕೊಂಡ?" ಎಂದಳು. ಇನ್ನೊಬ್ಬಳು, "ಸತ್ತಾನಬೇ" ಎಂದಳು. "ಹಿಂಗ್ಯಾರರ ಸಾಯ್ತಾರೇನು, ನಿದ್ದಿ ಹತ್ಯಾದ."

ಇಬ್ಬರು ಗೌಡರು ಬಂದು ಜಗಳ ಶುರುಮಾಡಿದರು. ಜನ ನಕ್ಕರು, ಒಂದು ಕಡೆಯವರು ಒಬ್ಬ ಗೌಡನಿಗೆ, ಇನ್ನೊಂದು ಕಡೆಯವರು ಇನ್ನೊಬ್ಬನಿಗೆ ಹೌದೆಂದರು. ನನಗೆ ಆ ಮಾತು ಯಾವುದೂ ತಲೆಗೆ ಹೋಗಲಿಲ್ಲ. ನಾನು ಹೆಬ್ಬೆರಳು ನೋಡುತ್ತಿದ್ದೆ. ಒಂದು ನೊಣ ಅದರ ಮೇಲೆ ಕೂತಿತು, ಸುತ್ತಿತು, ಎದ್ದು ಹೋಯಿತು. ಬೆರಳು ಅಲುಗಲಿಲ್ಲ. ಇನ್ನು ಅಲುಗಿಸುತ್ತಾರೆ, ಈ ಮಾತು ಮುಗಿದ ಮೇಲೆ ಅಲುಗಿಸುತ್ತಾರೆ ಎಂದುಕೊಳ್ಳುತ್ತ ಕೂತೆ.

ಅಷ್ಟರಲ್ಲಿ ಜನರ ನಡುವೆ ಬೇರೊಂದು ಗುಸುಗುಸು ಎದ್ದಿತು. ಮನುಷ್ಯ ಸತ್ತು ಇಷ್ಟು ಹೊತ್ತಾಯಿತು, ಬಟ್ಟೆ ಹಿಡಿಯುವವರು ಎಲ್ಲಿ? "ಬಟ್ಟಿ ಮರತು ಬಂದಾರ ಕಾಣಸ್ತದ." "ಪಾಪ, ಆಂವ ಹ್ಯಾಂಗ ಏಳಬೇಕು?" ನಮ್ಮಣ್ಣ ಎದ್ದು ನಿಂತಿದ್ದ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ತಂಗಿಯ ಗಂಡ ಇಷ್ಟು ಮಂದಿಯ ನಡುವೆ ಏಳಲೂ ಆಗದೆ ಸಿಕ್ಕಿಬಿದ್ದಿದ್ದಾನೆ ಎಂದು ಅವನಿಗೆ ಸಂಕಟವಾಗುತ್ತಿತ್ತು. ಬಗಲಿನ ಗಂಟು ಬಿಚ್ಚಿದ. ಸೀದಾ ನಡುವೆ ಹೋದ. ಧೋತರ ಝಾಡಿಸಿ ತಲೆಯಿಂದ ಕಾಲಿನತನಕ ಹೊದಿಸಿ, ಬಗ್ಗಿ ಅವರ ಕಿವಿಯಲ್ಲಿ ಹೇಳಿದ. ಕುರಿ ಕಾಯುವವರ ಪಿಸುಮಾತು ಅಂಗಳದ ಆಚೆಗೂ ಕೇಳುತ್ತದೆ.

"ಮಾವಾ, ಇನ್ನ ಏಳ್ರಿ. ಯಾರೂ ನೋಡಂಗಿಲ್ಲ."

ಇಬ್ಬರು ಗೌಡರೂ ಬೆಪ್ಪಾಗಿ ನಿಂತರು. ಮೊದಲು ಎಚ್ಚೆತ್ತವರು ದರ್ಜಿ. ಬೇರೇನೂ ತೋಚದೆ ತಮ್ಮ ಮಾತನ್ನೇ ಮತ್ತೆ ಹೇಳಿದರು: "ಈ ಹೆಣ ನಮ್ಮೂರಂದಲ್ಲ. ಬೇಕಾದ್ರ ಯಾರನ್ನರ ಕೇಳ್ರಿ."

ಅಣ್ಣ ಅವರ ಕಡೆ ತಿರುಗಿದ. "ಹಂಗ್ಯಾಕ ಅಂತೀರಿ ಯಜಮಾನ್ರ? ಇಂವ ನಮ್ಮ ಮನುಷ್ಯಾ ಅದಾನ. ನಮ್ಮ ತಂಗಿ ಗಂಡ. ಗೋಗಿಗಿ ಬಂದು ಕೇಳ್ರಿ."

ಅಂಗಳ ನಗೆಯಿಂದ ಒಡೆದುಹೋಯಿತು. ಮಾಸ್ತರರೂ ನಕ್ಕರು. ಎಲ್ಲರೂ ನಕ್ಕು ಮುಗಿಸಿ ನೋಡಿದರೆ ಅವರು ಎದ್ದಿರಲಿಲ್ಲ. ಬಟ್ಟೆ ಬಂದಿತ್ತು, ಏಳು ಎಂದು ಹೇಳಿದ್ದೂ ಆಗಿತ್ತು. ಆದರೂ ಬಿಳಿಯ ಧೋತರ ತಲೆಯಿಂದ ಕಾಲಿನತನಕ ಹಾಗೇ ಇತ್ತು. ನಗು ತಾನಾಗಿ ಆರಿತು. ಹೆಂಡತಿಯ ತವರಿನವರು ತಂದು ತಲೆ ಮುಚ್ಚಿ ಹೊದಿಸುವ ಬಟ್ಟೆ ಹೆಣದ್ದೆಂದು ಅಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ನನ್ನ ಹಿಂದೆ ನಮ್ಮತ್ತೆಯ ಗಂಟಲಿನಿಂದ ಒಂದು ಸದ್ದು ಬಂತು. ನನಗೆ ಹೆಬ್ಬೆರಳು ಕಾಣುತ್ತಿರಲಿಲ್ಲ.

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಅಷ್ಟು ಗಂಡಸರ ನಡುವೆ ಹೋಗಿ ಕೂತು, ಧೋತರ 
ಸರಿಸಿ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದೆ. ಬೆರಳು ಅಲುಗಲಿಲ್ಲ. ಕಾಲು ಬಿಸಿಯಿತ್ತು. ಆದರೆ ಬಿಸಿಲಿಗೆ ನೆಲವೂ ಬಿಸಿಯಿತ್ತು, ಗಡಿಕಲ್ಲೂ ಬಿಸಿಯಿತ್ತು. ನಮ್ಮಪ್ಪನ ಕಾಲೂ ಬಿಸಿಯಾಗಿಯೇ ಇತ್ತು. ಕಾಲನ್ನು ಅಲ್ಲೇ ಬಿಟ್ಟು ಎದ್ದು ಓಡಿದೆ. ಧೋತರ ಮತ್ತೆ ಮುಚ್ಚಲಿಲ್ಲ. ಶಾಲೆಯಿಂದ ಮನೆಯತನಕ ಯಾರು ಎದುರಾದರೂ ನೋಡಲಿಲ್ಲ.

ಆಮೇಲೆ ಯಾರೂ ಮಾತು ಮುಂದುವರಿಸಲಿಲ್ಲವಂತೆ. ನಾಟಕ ಅಲ್ಲಿಗೇ ಮುಗಿಯಿತಂತೆ. ಜನ ಸುಮ್ಮನೆ ಕೂತೇ ಇದ್ದರಂತೆ, ಹೆಂಗಸರು ಕಣ್ಣೊರೆಸಿಕೊಂಡರಂತೆ. ನಮ್ಮವರು ಎದ್ದು ಕೂತ ಮೇಲೇ ಜನ ಎದ್ದು ಹೋದರಂತೆ. ಇದನ್ನೆಲ್ಲ ದರ್ಜಿ ಬಂದು ಹೇಳಿದರು.

ನಮ್ಮತ್ತೆ ಆ ಧೋತರವನ್ನು ಹೊಸ್ತಿಲು ದಾಟಿಸಲಿಲ್ಲ. "ಹೆಣದ ಮ್ಯಾಲ ಬಿದ್ದ ಬಟ್ಟಿ ಒಳಗ ಬರಂಗಿಲ್ಲ" ಎಂದರು. ಅಣ್ಣ ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂತಿದ್ದ. "ನಾನೇನ್ ತಪ್ಪ ಮಾಡೀನ್ರಿ? ಏಳಾಕ ಬಟ್ಟಿ ಕೊಟ್ಟೆ" ಎಂದು ಒಂದೇ ಮಾತನ್ನು ಹೇಳುತ್ತಿದ್ದ. ಮಾಸ್ತರರು ಬಂದು ಅವನ ಕೈ ಹಿಡಿದುಕೊಂಡರು. "ನೀ ತಪ್ಪ ಮಾಡಿಲ್ಲಪಾ. ನನ್ನ ನಾಟಕಕ್ಕ ಮುಕ್ತಾಯ ಇರಲಿಲ್ಲ. ಅಣ್ಣಾ ತಂಗಿ ಕೂಡಿ ಕೊಟ್ರಿ. ಇನ್ನ ಮುಂದ ಹೀಂಗ ಆಡೂದು."

ಆ ರಾತ್ರಿಯಲ್ಲ, ಮರುದಿನ ಹಟ್ಟಿಯಲ್ಲಿ ನಾನು ಕೇಳಿದೆ. "ಅಲುಗಿಸ್ತೀನಿ ಅಂದಿದ್ರಿ."

"ಅಲುಗಿಸಿದ್ದೆ."

"ಯಾವಾಗ?"

"ನಿಮ್ಮಣ್ಣ ಬಟ್ಟಿ ಹಾಕಿದ ಕೂಡ್ಲೆ. ನೀ ಹೆದರತಿ ಅಂತ. ಬಟ್ಟಿ ಒಳಗ ಅಲುಗಿಸಿದೆ."

"ನಾ ಬಂದು ಕಾಲು ಹಿಡದಾಗ?"

ಅವರು ಕಂಬಳಿ ಮಡಿಸತೊಡಗಿದರು. "ಆವಾಗ ಎಲ್ಲಾರೂ ಕಾಲ ನೋಡಾಕತ್ತಿದ್ರಲ್ಲ" ಎಂದರು.

ಬಟ್ಟೆಯ ಒಳಗೆ ಬೆರಳು ಅಲುಗಿತ್ತೋ ಇಲ್ಲವೋ. ಇದೊಂದೇ ಪ್ರಶ್ನೆ. ನಲವತ್ತು ವರ್ಷ ಒಂದೇ ಮನೆಯಲ್ಲಿದ್ದು, ಮಗಳನ್ನು ಬೆಳೆಸಿ, ಅತ್ತೆಯ ಸೇವೆ ಮಾಡಿ, ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಕಟ್ಟಿ ಬಾಲವಾಡಿಗೆ ಸೇರಿ, ಅವರು ಕಚೇರಿಯಿಂದ ನಿವೃತ್ತರಾಗಿ, ಇಷ್ಟೆಲ್ಲ ಆದರೂ ಈ ಪ್ರಶ್ನೆ ನನ್ನ ಜೊತೆಗೇ ಇತ್ತು. ಒಂದು ಬೆರಳಿನ ಮಾತಿಗೆ ಇಷ್ಟೊಂದೇಕೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ನಾಟಕವನ್ನು ಯಾದಗಿರಿಗೆ ಒಯ್ಯುವುದೆಂದಾಯಿತು. ನಮ್ಮವರು, "ನೀನೂ ಬಾ. ಅವತ್ತಿನ ಹಂಗ ಇನ್ನೊಮ್ಮೆ ಮಾಡು" ಎಂದರು. ಹೆಂಗಸು ಮಂದಿಯ ಮುಂದೆ ನಿಲ್ಲಬಾರದು ಎಂದು ನಾನು ಬೇಡವೆಂದೆನೆಂದು ಎಲ್ಲರೂ ತಿಳಿದರು. ಅದಲ್ಲ. "ಅವತ್ತು ನಾ ಹೆದರಿದ್ದೆ. ಹೆದರಿದ್ದನ್ನ ಹೆಂಗ ಮಾಡಲಿ?" ಎಂದೆ.

"ಅದನ್ನ ಮಾಡೂದ ಕಲಿ. ಹೆದರಲಾರದ ಹೆದರೂದು. ನಾ ಸಾಯಲಾರದ ಸಾಯಂಗಿಲ್ಲೇನು?"

ನಾನು ಒಪ್ಪಲಿಲ್ಲ. ಬಹಳ ವರ್ಷ ಅವರು ಆಗಾಗ ಕೇಳುತ್ತಿದ್ದರು, ನಾನು ಇಲ್ಲವೆನ್ನುತ್ತಿದ್ದೆ. ನನ್ನ ಪಾಲಿನ ಕೆಲಸ ದರ್ಜಿಗೆ ಹೋಯಿತು. ಗೌಡನ ಪಾತ್ರ ಬೇರೆಯವರಿಗೆ ಕೊಟ್ಟು ಸೀರೆ ಉಟ್ಟುಕೊಂಡರು. ಒಂದು ಸಂಜೆ ನಮ್ಮ ಮನೆಗೆ ಬಂದು ಶಾಲೆಯ ಹುಡುಗನ ಹಾಗೆ ಕೂತು ಕೇಳಿದರು: "ಯಕ್ಕಾ, ಅವತ್ತು ಯಾವ ಕೈಲೆ ಬಟ್ಟಿ ಹಿಡಿದಿ? ಮದಲ ಕುಂತ್ಯೋ, ಮದಲ ಬಟ್ಟಿ ಸರಿಸಿದ್ಯೋ?" ನನಗೆ ನೆನಪಿಲ್ಲವೆಂದೆ. "ಒಂದು ತಪ್ಪ ಮಾಡಿದಿ ಯಕ್ಕಾ. ಬಟ್ಟಿ ಹೊಳ್ಳಿ ಮುಚ್ಚಲಿಲ್ಲ. ನಾ ಮುಚ್ಚತೀನಿ."

ಯಾದಗಿರಿಗೆ ನಾನೂ ಹೋದೆ. ಸ್ಟೇಶನ್ನಿಗೆ ಹತ್ತಿರದ ಒಂದು ಬಯಲಿನಲ್ಲಿ ಆಟ. ಹೊರಡುವಾಗ ನಮ್ಮವರು, "ಈ ಸಲ ಬಟ್ಟಿ ಸರಿಸಿದ ಮ್ಯಾಲ ಅಲುಗಿಸ್ತೀನಿ. ನೋಡು" ಎಂದಿದ್ದರು. ಕಾಲಿನ ಕಡೆ ಕೂತೆ. ದರ್ಜಿ ಜನರ ನಡುವಿನಿಂದ ಎದ್ದು ಬಂದರು. ನಡಿಗೆ ನನ್ನದು. ಸೆರಗು ಹಲ್ಲಲ್ಲಿ ಕಚ್ಚಿದ್ದು ನನ್ನ ಹಾಗೆ. ನಾನು ಸೆರಗು ಕಚ್ಚುತ್ತೇನೆಂದು ನನಗೇ ಗೊತ್ತಿರಲಿಲ್ಲ. ಧೋತರದ ತುದಿಯನ್ನು ಎರಡು ಬೆರಳಲ್ಲಿ ಎತ್ತಿ, ಕಾಲು ನೋಡಿ, ಬಹಳ ಹೊತ್ತು ನೋಡಿ, ಮೆಲ್ಲಗೆ ಮುಚ್ಚಿ, ಅಂಚು ನೇರಮಾಡಿದರು. ನನಗಿಂತ ಚೆನ್ನಾಗಿ ಮಾಡಿದರು. ಅವರನ್ನೇ ನೋಡುತ್ತಿದ್ದ ನಾನು ಹೆಬ್ಬೆರಳು ನೋಡುವುದನ್ನು ಮರೆತೆ.

ಬರುವಾಗ ಬಸ್ಸಿನಲ್ಲಿ ನಮ್ಮವರು ಕೇಳಿದರು, "ನೋಡಿದ್ಯಾ?"

"ನೋಡಿದೆ" ಎಂದೆ.

ಅವರು ಸಮಾಧಾನವಾಗಿ ಕಿಟಕಿಗೆ ತಲೆ ಒರಗಿಸಿದರು. ಆ ಸುಳ್ಳು ಹೇಳಿದ ಮೇಲೆ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತುವ ದಾರಿ ನನಗೆ ಉಳಿಯಲಿಲ್ಲ. ಅವರ ಲೆಕ್ಕದಲ್ಲಿ ಅದು ಮುಗಿದಿತ್ತು.

ಮಾಸ್ತರರಿಗೆ ವರ್ಗವಾಯಿತು. ಗಡಿಕಲ್ಲುಗಳು ಹೋಗಿ ಎರಡು ಕಡೆಯೂ ಒಂದೇ ರಾಜ್ಯವಾಯಿತು. ನಾಟಕ ಇನ್ನೂ ಹಲವು ವರ್ಷ ಆ ಊರು ಈ ಊರು ಎಂದು ನಡೆದು ನಿಂತಿತು. ಅಣ್ಣ ತೀರಿಕೊಂಡು ಬಹಳ ವರ್ಷವಾಯಿತು. ಹೋದ ವರ್ಷ ನಮ್ಮವರಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಯಿತು, ಮಾತೂ ಹೋಯಿತು. ಒಂದು ತಿಂಗಳು ಮಲಗಿದ್ದರು. ದಿನಾ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಎಡಗಾಲಿನ ಹೆಬ್ಬೆರಳು ಹಿಡಿದರೆ ಅವರು ನನ್ನನ್ನೇ ನೋಡುತ್ತಿದ್ದರು. ಅಲುಗಿಸಲು ನೋಡುತ್ತಿದ್ದರೋ ಏನೋ, ಹಣೆಯ ನರ ಉಬ್ಬುತ್ತಿತ್ತು. ಇರಲಿ ಬಿಡ್ರಿ ಎಂದು ನಾನು ಬೇಗ ಬೇಗ ಬಲಗಾಲಿಗೆ ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಗಂಜಿ ತಂದು ನೋಡಿದರೆ ಹೊಟ್ಟೆ ಅಲುಗುತ್ತಿರಲಿಲ್ಲ. ಈ ಸಲ ನಾನು ಕೂತು ಕಾಯಲಿಲ್ಲ. ಕೂಡಲೇ ತಿಳಿಯಿತು. ಅದನ್ನು ತಿಳಿಯಲು ಅವರೇ ಕಲಿಸಿದ್ದರು.

ಮಧ್ಯಾಹ್ನದ ಹೊತ್ತಿಗೆ ಗೋಗಿಯಿಂದ ಅಣ್ಣನ ಮಗ ಬಂದ. ತವರಿನ ಬಟ್ಟೆ ತಂದಿದ್ದ, ಬಿಳಿಯ ಹೊಸ ಧೋತರ. ತಲೆಯಿಂದ ಕಾಲಿನತನಕ ಹೊದಿಸಿದ. ನಾನು ಕಾಲಿನ ಕಡೆ ಕೂತಿದ್ದೆ. ಎದುರಿಗೆ ಹಳೆಯ ಮಂದಿ ನಾಲ್ಕೈದು ಜನ ಕೂತಿದ್ದರು, ಶಾಲೆಯ ಅಂಗಳದಲ್ಲಿ ಅಂದು ಇದ್ದವರು. ಅವರು ನನ್ನ ಕೈ ನೋಡುತ್ತಿದ್ದರು. ನನ್ನ ಕೈ ಧೋತರದ ಅಂಚಿನ ಮೇಲೇ ಇತ್ತು. ಒಂದೇ ಒಂದು ಸಲ ಸರಿಸಿ ನೋಡಬೇಕು ಎಂದು ಬೆರಳೆಲ್ಲ ಮಿಡಿಯುತ್ತಿತ್ತು. ಸರಿಸಿದರೆ ಇವರಿಗೆ ಆ ನಾಟಕ ಕಾಣುತ್ತದೆ. ಇಷ್ಟು ವರ್ಷ ಇಲ್ಲವೆಂದವಳು ಈಗ ಮಾಡಿದಳು ಎನ್ನುತ್ತಾರೆ. ಕೈ ಹಿಂದೆ ತೆಗೆದೆ. ಮತ್ತೆ ಇಟ್ಟೆ. ಮತ್ತೆ ತೆಗೆದೆ.

ಆಗ ದರ್ಜಿ ಬಂದರು. ಈಗ ದಪ್ಪ ಕನ್ನಡಕ, ಕೋಲು. ಯಾರನ್ನೂ ಮಾತಾಡಿಸಲಿಲ್ಲ. ಕೋಲು ಗೋಡೆಗೆ ಆನಿಸಿ, ಬಹಳ ಕಷ್ಟಪಟ್ಟು ನನ್ನ ಪಕ್ಕ ಕೂತರು. ಹೆಗಲ ಮೇಲಿನ ವಸ್ತ್ರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡರು. ಧೋತರದ ತುದಿಯನ್ನು ಎರಡು ಬೆರಳಲ್ಲಿ ಎತ್ತಿದರು. ಎತ್ತಿದ ರೀತಿ ಅದೇ. ಅವರು ಆಟ ಮಾಡುತ್ತಿದ್ದರೋ ಅಳುತ್ತಿದ್ದರೋ ನನಗೆ ಬಿಡಿಸಿ ಹೇಳಲು ಬರುವುದಿಲ್ಲ.

ಎಡಗಾಲು ಕಂಡಿತು. ನಾನು ನೋಡಿದೆ. ನನ್ನ ಎಣ್ಣೆಯ ಜಿಡ್ಡು ಇನ್ನೂ ಉಗುರಿನ ಸಂದಿಯಲ್ಲಿತ್ತು. ಬಹಳ ಹೊತ್ತು ನೋಡಿದೆ. ದರ್ಜಿ ಬಟ್ಟೆ ಎತ್ತಿ ಹಿಡಿದೇ ಇದ್ದರು, ಮುಚ್ಚಲಿಲ್ಲ. ಅವರ ಬೆನ್ನು ಬಾಗುತ್ತ ಬಂತು. ಯಾರೋ, "ಸಾಕ್ರಿ ಯಜಮಾನ್ರ, ಏಳ್ರಿ" ಎಂದರು.

"ಮುಚ್ಚಾಕಿ ಆಕಿ ಅದಾಳ" ಎಂದರು ದರ್ಜಿ, ಅವರ ಕಡೆ ನೋಡದೆ. "ಅವತ್ತ ಬಿಟ್ಟು ಹೋಗ್ಯಾಳ."

ನಾನು ಅವರ ಕೈಯಿಂದ ಧೋತರದ ತುದಿ ತೆಗೆದುಕೊಂಡೆ. ಕಾಲಿನ ಮೇಲೆ ಮುಚ್ಚಿದೆ. ಅಂಚು ಸೊಟ್ಟ ಬಂತು. ಇನ್ನೊಮ್ಮೆ ಎತ್ತಿ ನೇರಮಾಡಿದೆ.